ಹಳೇ ಪಿಕಪ್ ಕೊಂಡಿರಾ? ಮೊದಲು ಬೀಗ ನಿಮ್ಮದಾಗಲಿ

ಮಿಶಿಗನ್‌ಗೆ ಬಂದ ನಾಲ್ಕನೇ ವರ್ಷ ನಾನೊಂದು ಸೆಕೆಂಡ್ ಹ್ಯಾಂಡ್ ಫೋರ್ಡ್ ಎಫ್-150 ಪಿಕಪ್ ಕೊಂಡೆ. ಮಾರಿದವರು ಒಂದೇ ಒಂದು ಕೀ ಕೈಗಿಟ್ಟು, "ಇನ್ನೊಂದು ಮನೇಲಿ ಎಲ್ಲೋ ಇದೆ, ಸಿಕ್ಕ ಕೂಡಲೇ ಕಳಿಸ್ತೀನಿ" ಅಂದರು. ಅದು ಇವತ್ತಿಗೂ ಸಿಕ್ಕಿಲ್ಲ. ಚಾಲಕನ ಬಾಗಿಲ ಮೇಲೆ ಐದು ಗುಂಡಿಗಳಿದ್ದವು. ಅದರ ನಂಬರ್ ಕೇಳಿದರೆ ಅದಕ್ಕೂ ಹೀಗೇ ಒಂದು ಉತ್ತರ. ದುಡ್ಡು ಕೊಟ್ಟು, ಟೈಟಲ್ ನನ್ನ ಹೆಸರಿಗೆ ಮಾಡಿಸಿಕೊಂಡು, ಮನೆ ಮುಂದೆ ತಂದು ನಿಲ್ಲಿಸಿದ ಮೇಲೆ ಹೊಳೆಯಿತು: ಗಾಡಿಯೇನೋ ನನ್ನದಾಯಿತು, ಬೀಗ ಇನ್ನೂ ಅವರದೇ.

ಊರಲ್ಲಿ ಯಾರಾದರೂ ಹಳೇ ಮನೆ ಕೊಂಡರೆ ಹಾಲು ಉಕ್ಕಿಸುವ ಮೊದಲೇ ಬಾಗಿಲಿನ ಬೀಗ ಬದಲಿಸುತ್ತಾರೆ. ಗಾಡಿಯ ವಿಷಯದಲ್ಲಿ ಮಾತ್ರ ನಾವು ಆ ಯೋಚನೆಯನ್ನೇ ಮಾಡುವುದಿಲ್ಲ. ಡೆಟ್ರಾಯ್ಟ್ ಸುತ್ತಮುತ್ತ ಇರುವ ಗೆಳೆಯರಲ್ಲಿ ಹಲವರು ಈಚೆಗೆ ಪಿಕಪ್ ಕೊಂಡಿದ್ದಾರೆ. ಒಬ್ಬೊಬ್ಬರೂ ಫೋನ್ ಮಾಡಿ ಅದದೇ ಪ್ರಶ್ನೆ ಕೇಳುತ್ತಿರುವುದರಿಂದ ಒಮ್ಮೆ ಬರೆದೇ ಬಿಡೋಣ ಎಂದು ಕೂತಿದ್ದೇನೆ. ನನಗೆ ಗೊತ್ತಿರುವುದು ಎಫ್-150, ಹಾಗಾಗಿ ಹೇಳುವುದೆಲ್ಲ ಅದರ ಬಗ್ಗೆಯೇ. ಮಾಡೆಲ್ ವರ್ಷಕ್ಕೆ ತಕ್ಕಂತೆ ಮೆನುವಿನ ಹೆಸರು, ಗುಂಡಿಯ ಜಾಗ ಸ್ವಲ್ಪ ಆಚೀಚೆ ಇರುತ್ತದೆ. ನಿಮ್ಮ ವರ್ಷದ ಮ್ಯಾನುವಲ್ ಫೋರ್ಡ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಬಾಗಿಲಿಗೊಂದು, ಇಂಜಿನ್‌ಗೊಂದು

ಗುಂಡಿ ಒತ್ತುವ ಮೊದಲು ಒಂದು ವಿಷಯ ತಿಳಿದಿರಬೇಕು. ಈ ಗಾಡಿಗೆ ಇರುವುದು ಒಂದು ಬೀಗವಲ್ಲ, ಎರಡು. ಬಾಗಿಲು ತೆರೆಯುವ ಹಕ್ಕು ಬೇರೆ, ಇಂಜಿನ್ ಸ್ಟಾರ್ಟ್ ಮಾಡುವ ಹಕ್ಕು ಬೇರೆ. ಬಾಗಿಲಿನ ಐದು ಗುಂಡಿಗಳಿಗೆ ನಂಬರ್ ಒತ್ತಿದರೆ ಬಾಗಿಲು ತೆರೆಯುತ್ತದೆ, ಅಷ್ಟೇ. ಇಂಜಿನ್ ಹತ್ತಬೇಕಾದರೆ ಕೀ ಒಳಗಿರುವ ಚಿಪ್ಪನ್ನು ಗಾಡಿ ಗುರುತಿಸಬೇಕು. ಹಿಂದಿನ ಮಾಲೀಕನ ಬಳಿ ನಂಬರ್ ಮಾತ್ರ ಉಳಿದಿದ್ದರೆ ಅವನು ಒಳಗೆ ಕೂತು ರೇಡಿಯೋ ಪಕ್ಕದ ಚಿಲ್ಲರೆ ಎತ್ತಿಕೊಂಡು ಹೋಗಬಹುದು, ಗಾಡಿ ಓಡಿಸಿಕೊಂಡು ಹೋಗಲಾರ. ಕೀ ಉಳಿದಿದ್ದರೆ ಎರಡೂ ಸಾಧ್ಯ. ಆದ್ದರಿಂದ ಮೊದಲು ಕೀ ಲೆಕ್ಕ, ಆಮೇಲೆ ನಂಬರ್.

ಮೊದಲ ಕೆಲಸ: ಕೀ ಎಣಿಸಿ

ಕೈಯಲ್ಲಿರುವ ಕೀಗಳನ್ನಲ್ಲ, ಗಾಡಿಯ ನೆನಪಿನಲ್ಲಿರುವ ಕೀಗಳನ್ನು. ಸ್ಟೀರಿಂಗ್ ಮೇಲಿನ ಬಾಣದ ಗುಂಡಿಗಳಿಂದ ಡ್ಯಾಶ್‌ಬೋರ್ಡ್ ಪರದೆಯ ಸೆಟ್ಟಿಂಗ್ಸ್‌ಗೆ ಹೋದರೆ ಮೈಕೀ ಎಂಬ ಮೆನು ಇರುತ್ತದೆ. ಹದಿಹರೆಯದ ಮಕ್ಕಳು ಅತಿ ವೇಗದಲ್ಲಿ ಓಡಿಸದಂತೆ ಒಂದು ಕೀಗೆ ಮಾತ್ರ ಕಡಿವಾಣ ಹಾಕಲು ಫೋರ್ಡ್‌ನವರು 2010ರ ಮಾಡೆಲ್‌ಗಳಿಂದ ಕೊಟ್ಟ ಸೌಲಭ್ಯ ಅದು. ನಮಗೆ ಬೇಕಾದ್ದು ಅದರ ಒಳಗಿನ ಸ್ಟೇಟಸ್ ಪುಟ. ಗಾಡಿ ಒಪ್ಪಿಕೊಳ್ಳುವ ಅಡ್ಮಿನ್ ಕೀಗಳು (ಕಡಿವಾಣ ಇಲ್ಲದವು) ಎಷ್ಟು, ಮೈಕೀಗಳು (ಕಡಿವಾಣ ಇರುವವು) ಎಷ್ಟು ಎಂದು ಅಲ್ಲಿ ಬರೆದಿರುತ್ತದೆ. ಈ ಎರಡನ್ನೂ ಕೂಡಿಸಿ. ನನ್ನ ಕೈಯಲ್ಲಿ ಇದ್ದದ್ದು ಒಂದು, ಪರದೆ ಹೇಳಿದ್ದು ಮೂರು! ಮಾರಿದವರ ಬಾಯಲ್ಲಿ ಬಂದದ್ದು ಎರಡು. ಮೂರನೆಯದು ಯಾರ ಡ್ರಾಯರ್‌ನಲ್ಲಿದೆಯೋ ದೇವರೇ ಬಲ್ಲ.

ಲೆಕ್ಕ ತಾಳೆಯಾಗದಿದ್ದರೆ ಡೀಲರ್ ಬಳಿಯೋ ಗಾಡಿ ಕೀ ಮಾಡುವ ಲಾಕ್‌ಸ್ಮಿತ್ ಬಳಿಯೋ ಹೋಗಿ ಹಳೆಯ ಕೀಗಳನ್ನೆಲ್ಲ ಅಳಿಸಿ ಎನ್ನಿ. ಆ ಕೆಲಸಕ್ಕೆ ಗಾಡಿಯ ಡಯಾಗ್ನೋಸ್ಟಿಕ್ ಪೋರ್ಟ್‌ಗೆ ಸಿಗಿಸುವ ಉಪಕರಣ ಬೇಕು, ಮನೆಯಲ್ಲಿ ಆಗದು. ಎಲ್ಲ ಅಳಿಸಿದ ಮೇಲೆ ಗಾಡಿ ಕನಿಷ್ಠ ಎರಡು ಕೀ ಕೇಳುತ್ತದೆ, ಒಂದನ್ನೇ ಇಟ್ಟುಕೊಂಡು ಹೋದರೆ ಅಲ್ಲೇ ಇನ್ನೊಂದು ಕೊಳ್ಳಬೇಕಾಗುತ್ತದೆ. ಖರ್ಚಾಗುತ್ತದೆ, ನಿಜ. ಗಾಡಿ ಕೊಳ್ಳುವಾಗಲೇ "ಎರಡನೇ ಕೀ ಇಲ್ಲ" ಅಂದರೆ ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ನನಗೆ ಆ ಬುದ್ಧಿ ತಡವಾಗಿ ಬಂತು.

ಎರಡು ಕೀ ಈಗಾಗಲೇ ಇದ್ದು ಮೂರನೆಯದನ್ನು ಸೇರಿಸಬೇಕಾದರೆ ಯಾರ ಹಂಗೂ ಬೇಡ. ಇಗ್ನಿಷನ್‌ಗೆ ತೂರಿಸಿ ತಿರುಗಿಸುವ ಚಿಪ್ ಕೀ ಇರುವ ಗಾಡಿಗಳಲ್ಲಿ ಕ್ರಮ ಹೀಗೆ:

1. ಮೊದಲ ಹಳೇ ಕೀ ಹಾಕಿ ಆನ್ ಮಾಡಿ (ಸ್ಟಾರ್ಟ್ ಮಾಡಬೇಡಿ). ಮೂರು ಸೆಕೆಂಡಿಗಿಂತ ಹೆಚ್ಚು, ಹತ್ತಕ್ಕಿಂತ ಕಡಿಮೆ ಇಡಿ. ಆಫ್ ಮಾಡಿ ತೆಗೆಯಿರಿ.
2. ಹತ್ತು ಸೆಕೆಂಡಿನೊಳಗೆ ಎರಡನೇ ಹಳೇ ಕೀ ಹಾಕಿ ಅದೇ ರೀತಿ ಮಾಡಿ.
3. ಮತ್ತೆ ಹತ್ತು ಸೆಕೆಂಡಿನೊಳಗೆ ಹೊಸ ಕೀ ಹಾಕಿ ಕನಿಷ್ಠ ಆರು ಸೆಕೆಂಡು ಆನ್ ಇಡಿ.

ಹೊಸ ಕೀಯಿಂದ ಇಂಜಿನ್ ಹತ್ತಿದರೆ ಆಯಿತು. ಹತ್ತದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮೊದಲಿಂದ ಶುರು ಮಾಡಿ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಗಾಡಿಗಳಲ್ಲಿ ಇದನ್ನೇ ರಿಮೋಟನ್ನು ಒಂದು ಗೊತ್ತಾದ ಜಾಗದಲ್ಲಿಟ್ಟು ಮಾಡಬೇಕು. ಆ ಜಾಗ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ, ಮ್ಯಾನುವಲ್ ನೋಡಿಕೊಳ್ಳಿ.

ಐದು ಗುಂಡಿಗಳು

ಫೋರ್ಡ್‌ನವರು ಈ ಗುಂಡಿ ಬೀಗವನ್ನು ತಂದದ್ದು 1980ರಲ್ಲಿ, ಥಂಡರ್‌ಬರ್ಡ್‌ನಂಥ ಕಾರುಗಳಿಗೆ. ಈಗ ಇದಕ್ಕೆ ಸೆಕ್ಯುರಿಕೋಡ್ ಅನ್ನುತ್ತಾರೆ. ಎಲ್ಲ ಎಫ್-150ಗಳಲ್ಲೂ ಇರುವುದಿಲ್ಲ. ಹಳೆಯವುಗಳಲ್ಲಿ ರಬ್ಬರ್ ಗುಂಡಿ, ಹೊಸವುಗಳಲ್ಲಿ ಮುಟ್ಟಿದಾಗ ಮಾತ್ರ ಬೆಳಗುವ ಅಂಕಿಗಳು. ಕಳೆದ ಬೇಸಿಗೆಯಲ್ಲಿ ಹಾಸನದಿಂದ ಬಂದಿದ್ದ ಅಪ್ಪ ಇದನ್ನು ನೋಡಿ, "ಇದೇನ್ಲಾ, ಸೂಟ್‌ಕೇಸ್ ನಂಬರ್ ಬೀಗ ಇದ್ದಂಗೈತೆ" ಅಂದರು. ರಿಮೋಟ್ ಅವರ ಕೈಗೆ ಒಗ್ಗಲೇ ಇಲ್ಲ, ಜೇಬಿಗೆ ಹಾಕಿಕೊಂಡಾಗಲೆಲ್ಲ ಕೆಂಪು ಗುಂಡಿ ಒತ್ತಿಹೋಗಿ ಗಾಡಿ ಬೀದಿಯೆಲ್ಲ ಕೇಳುವಂತೆ ಕೂಗುತ್ತಿತ್ತು. ನಂಬರ್ ಮಾತ್ರ ಒಂದೇ ಸಲಕ್ಕೆ ಬಾಯಿಪಾಠ.

ಕಾರ್ಖಾನೆಯಿಂದ ಬರುವಾಗಲೇ ಗಾಡಿಗೊಂದು ಐದಂಕಿಯ ಸಂಖ್ಯೆ ಇರುತ್ತದೆ. ಅದು ಮ್ಯಾನುವಲ್ ಜೊತೆ ಗ್ಲವ್ ಬಾಕ್ಸ್‌ನಲ್ಲಿಟ್ಟ ಪುಟ್ಟ ಕಾರ್ಡ್ ಮೇಲೆ ಅಚ್ಚಾಗಿರುತ್ತದೆ. ಕಾರ್ಡ್ ಕಳೆದಿದ್ದರೆ ಗಾಡಿ ನಿಮ್ಮದೆನ್ನುವ ಕಾಗದ ತೋರಿಸಿ ಡೀಲರ್ ಹತ್ತಿರ ತೆಗೆಸಿಕೊಳ್ಳಬಹುದು. ಕೆಲವು ಮಾಡೆಲ್‌ಗಳು ಎರಡು ರಿಮೋಟ್ ಕೀ ಒಳಗಿಟ್ಟರೆ ಪರದೆಯ ಮೇಲೇ ತೋರಿಸುತ್ತವೆ. ಸಿಕ್ಕಿದ ಮೇಲೆ ಕಾರ್ಡನ್ನು ಗ್ಲವ್ ಬಾಕ್ಸ್‌ಗೇ ವಾಪಸ್ ಹಾಕಬೇಡಿ. ಬಾಗಿಲು ತೆರೆಯುವ ಸಂಖ್ಯೆ ಬಾಗಿಲ ಒಳಗಿದ್ದರೆ ಬೇಕಾದಾಗ ನಿಮಗೆ ಸಿಗದು, ಕಿಟಕಿ ಒಡೆದವನಿಗೆ ಸಿಕ್ಕೀತು.

ಈಗ ಹಿಂದಿನವರು ಹಾಕಿದ ಸಂಖ್ಯೆಗಳನ್ನು ಅಳಿಸೋಣ. ಕಾರ್ಖಾನೆ ಸಂಖ್ಯೆ ಒತ್ತಿ. ಐದು ಸೆಕೆಂಡಿನೊಳಗೆ 1·2 ಗುಂಡಿಯನ್ನು (ಒಂದೊಂದು ಗುಂಡಿಯ ಮೇಲೂ ಎರಡೆರಡು ಅಂಕಿ ಇರುತ್ತದೆ) ಒತ್ತಿ ಬಿಡಿ. ಮತ್ತೆ ಅದೇ 1·2 ಗುಂಡಿಯನ್ನು ಎರಡು ಸೆಕೆಂಡು ಒತ್ತಿ ಹಿಡಿಯಿರಿ. ಸ್ವಂತ ಸಂಖ್ಯೆಗಳೆಲ್ಲ ಹೋದವು.

ನಿಮ್ಮದನ್ನು ಹಾಕಲು: ಕಾರ್ಖಾನೆ ಸಂಖ್ಯೆ, ಐದು ಸೆಕೆಂಡಿನೊಳಗೆ 1·2, ಆಮೇಲೆ ನಿಮ್ಮ ಐದಂಕಿ. ಹೊಸ ಮಾಡೆಲ್‌ಗಳಲ್ಲಿ ಕೊನೆಗೆ ಇನ್ನೊಮ್ಮೆ 1·2 ಒತ್ತಿದರೆ ಮೊದಲ ಸಂಖ್ಯೆಯಾಗಿ ಉಳಿಯುತ್ತದೆ, 3·4 ಒತ್ತಿದರೆ ಎರಡನೆಯದಾಗಿ. ಅಂದರೆ ಹೆಂಡತಿಗೊಂದು, ಮಗನಿಗೊಂದು ಬೇರೆ ಬೇರೆ ಇಡಬಹುದು. ಬಾಗಿಲುಗಳು ಒಮ್ಮೆ ಮುಚ್ಚಿ ತೆರೆದ ಸದ್ದು ಬಂದರೆ ಗಾಡಿ ಒಪ್ಪಿಕೊಂಡಿತು ಅಂತ. ಒಂದು ಅಂಕಿಗೂ ಮುಂದಿನದಕ್ಕೂ ಐದು ಸೆಕೆಂಡಿಗಿಂತ ಹೆಚ್ಚು ತಡ ಮಾಡಬೇಡಿ.

ಇಲ್ಲೊಂದು ಕಹಿ ಸತ್ಯವಿದೆ. ಕಾರ್ಖಾನೆ ಸಂಖ್ಯೆ ಮಾತ್ರ ಅಳಿಯುವುದಿಲ್ಲ. ನೀವು ಏನೇ ಹೊಸದು ಹಾಕಿದರೂ ಅದು ಹಿಂದೆ ಕೂತೇ ಇರುತ್ತದೆ. ಹಿಂದಿನ ಮಾಲೀಕ ಆ ಕಾರ್ಡನ್ನು ಫೋಟೋ ಹೊಡೆದಿಟ್ಟುಕೊಂಡಿದ್ದರೆ ನಿಮ್ಮ ಬಾಗಿಲು ಅವನಿಗೆ ತೆರೆಯುತ್ತಲೇ ಇರುತ್ತದೆ. ಹಾಗಾಗಿ ಬಾಗಿಲ ಬೀಗವನ್ನು ಅರ್ಧ ನಂಬಿ. ಬಿಡಿ ಕೀಯನ್ನು ಒಳಗೆ ಬಚ್ಚಿಡಬೇಡಿ. ಮನೆ ಗ್ಯಾರೇಜ್ ಬಾಗಿಲಿನ ರಿಮೋಟನ್ನು ಸನ್‌ವೈಸರ್‌ಗೆ ಸಿಕ್ಕಿಸಿ ಗಾಡಿಯನ್ನು ಹೊರಗೆ ನಿಲ್ಲಿಸಬೇಡಿ. ಗಾಡಿಯ ವಿಮೆ ಕಾಗದದಲ್ಲಿ ಮನೆ ವಿಳಾಸ, ಅದರ ಪಕ್ಕದಲ್ಲೇ ಮನೆ ತೆರೆಯುವ ರಿಮೋಟ್ ಎಂದರೆ ಕಳ್ಳನಿಗೆ ಎಲೆ ಹಾಕಿ ಬಡಿಸಿದ ಹಾಗೆ.

ಯಾವ ಸಂಖ್ಯೆ ಇಡಬೇಕು?

ಐದಂಕಿ ಎಂದರೆ ಲಕ್ಷ ಸಾಧ್ಯತೆ ಎಂದುಕೊಳ್ಳುತ್ತೇವೆ. ಆದರೆ ಒಂದೊಂದು ಗುಂಡಿಗೆ ಎರಡೆರಡು ಅಂಕಿ. ಒಂದು ಒತ್ತಿದರೂ ಎರಡು ಒತ್ತಿದರೂ ಗಾಡಿಗೆ ಒಂದೇ. ಐದು ಗುಂಡಿ, ಐದು ಒತ್ತು: ಒಟ್ಟು 3,125 ಸಾಧ್ಯತೆ, ಅಷ್ಟೇ. ಕಡಿಮೆಯಾಯಿತಲ್ಲ ಎಂದು ಗಾಬರಿ ಬೇಡ. ಏಳು ಸಲ, ಅಂದರೆ 35 ಒತ್ತು ತಪ್ಪಾದರೆ ಗುಂಡಿಗಳು ಒಂದು ನಿಮಿಷ ಮುಷ್ಕರ ಹೂಡುತ್ತವೆ. ಎಲ್ಲ ಸಾಧ್ಯತೆಗಳನ್ನೂ ಒತ್ತಿ ನೋಡುತ್ತೇನೆಂದು ಹೊರಟವನು ಬರೀ ಈ ಕಾಯುವುದಕ್ಕೇ ಏಳು ಗಂಟೆಗೂ ಹೆಚ್ಚು ಕಳೆಯಬೇಕು. ನಮ್ಮ ಡ್ರೈವ್‌ವೇಯಲ್ಲಿ ಅಷ್ಟು ಹೊತ್ತು ನಿಂತವನನ್ನು ಎದುರು ಮನೆ ಅಜ್ಜಿ ಸುಮ್ಮನೆ ಬಿಡುವವರಲ್ಲ.

ಅಪಾಯ ಇರುವುದು ಊಹಿಸುವುದರಲ್ಲಿ. ಅಮೆರಿಕದ ಜಿಪ್ ಕೋಡ್, ಅಂದರೆ ಇಲ್ಲಿನ ಪಿನ್ ಕೋಡ್, ಸರಿಯಾಗಿ ಐದಂಕಿ. ಎಷ್ಟು ಜನ ಅದನ್ನೇ ಇಟ್ಟಿದ್ದಾರೋ! ಅದು ಬೇಡ. 1-3-5-7-9 ಕೂಡ ಬೇಡ, ಎಡದಿಂದ ಬಲಕ್ಕೆ ಬೆರಳೆಳೆದ ಹಾಗೆ ಅದು. ರಬ್ಬರ್ ಗುಂಡಿಗಳಲ್ಲಿ ಇನ್ನೊಂದು ತೊಂದರೆ, ದಿನಾ ಒತ್ತುವ ಗುಂಡಿಯ ಅಂಕಿ ನಾಲ್ಕೈದು ವರ್ಷದಲ್ಲಿ ಸವೆದು, ಯಾವ್ಯಾವ ಗುಂಡಿ ಎಂದು ತಾನೇ ಹೇಳುತ್ತದೆ. ಎರಡೇ ಗುಂಡಿಗಳ ಸಂಖ್ಯೆಯಾಗಿದ್ದರೆ ಸವೆತ ನೋಡಿದವನಿಗೆ ಉಳಿಯುವುದು 30 ಸಾಧ್ಯತೆ. ಐದೂ ಗುಂಡಿ ಒಂದೊಂದು ಸಲ ಬಂದರೆ 120. ನಾಲ್ಕು ಗುಂಡಿ, ಅದರಲ್ಲೊಂದು ಎರಡು ಸಲ ಬರುವಂತೆ ಇಟ್ಟರೆ 240. ನಾನು ಇಟ್ಟಿರುವುದು ಈ ಕೊನೆಯ ಬಗೆಯದು, ಇಷ್ಟಕ್ಕಿಂತ ಹೆಚ್ಚು ಹೇಳಲಾರೆ.

ದಿನದ ಬಳಕೆ

ಸಂಖ್ಯೆ ಒತ್ತಿದರೆ ಚಾಲಕನ ಬಾಗಿಲು ಮಾತ್ರ ತೆರೆಯುತ್ತದೆ. ಐದು ಸೆಕೆಂಡಿನೊಳಗೆ 3·4 ಒತ್ತಿದರೆ ಎಲ್ಲವೂ. ಬೀಗ ಹಾಕಲು ಸಂಖ್ಯೆಯೇ ಬೇಡ: ಚಾಲಕನ ಬಾಗಿಲು ಮುಚ್ಚಿ, 7·8 ಮತ್ತು 9·0 ಎರಡನ್ನೂ ಒಟ್ಟಿಗೆ ಒತ್ತಿ. ದಿನಸಿ ಚೀಲ ಎರಡೂ ಕೈಯಲ್ಲಿದ್ದಾಗ ಇದರ ಸುಖ ಗೊತ್ತಾಗುತ್ತದೆ.

ರಿಮೋಟ್‌ನಲ್ಲೂ ಹೀಗೇ, ಒಮ್ಮೆ ಒತ್ತಿದರೆ ಚಾಲಕನ ಬಾಗಿಲು, ಮೂರು ಸೆಕೆಂಡಿನೊಳಗೆ ಮತ್ತೆ ಒತ್ತಿದರೆ ಉಳಿದವು. ರಾತ್ರಿ ಹೊತ್ತು ಒಬ್ಬರೇ ಪಾರ್ಕಿಂಗ್ ಜಾಗಕ್ಕೆ ಹೋಗುವವರು ಇದನ್ನು ಹೀಗೇ ಇರಗೊಡಿ, ಆಚೆ ಬದಿಯಿಂದ ಯಾರೂ ಒಳಗೆ ಬಂದು ಕೂರುವಂತಿಲ್ಲ. ಮಕ್ಕಳನ್ನು ಹತ್ತಿಸುವ ಗಡಿಬಿಡಿಯಲ್ಲಿ ಇದು ಕಿರಿಕಿರಿ ಅನ್ನಿಸಿದರೆ ಲಾಕ್, ಅನ್‌ಲಾಕ್ ಎರಡೂ ಗುಂಡಿಗಳನ್ನು ನಾಲ್ಕು ಸೆಕೆಂಡು ಒತ್ತಿ ಹಿಡಿಯಿರಿ. ಇಂಡಿಕೇಟರ್ ಎರಡು ಸಲ ಮಿಂಚಿದರೆ ಬದಲಾಯಿತು. ಗಾಡಿ ಗಂಟೆಗೆ 12 ಮೈಲಿ ದಾಟಿದಾಗ ಬಾಗಿಲು ತಾನೇ ಲಾಕ್ ಆಗುವ ಸೌಲಭ್ಯವನ್ನು ಪರದೆಯ ಲಾಕ್ಸ್ ಮೆನುವಿನಲ್ಲಿ ಆನ್ ಮಾಡಿಕೊಳ್ಳಿ. ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್ ಅದರಿಂದ ಬೇರೆ, ಬಾಗಿಲ ಅಂಚಿನಲ್ಲಿ ಕೈಯಿಂದ ಹಾಕಬೇಕು. ಚಿಕ್ಕ ಮಕ್ಕಳಿದ್ದವರು ಎರಡನ್ನೂ ಮಾಡಿ.

ಈಜಲು, ಓಡಲು ಹೋಗುವವರಿಗೆ ಒಂದು ಉಪಾಯ. ಬಟನ್ ಸ್ಟಾರ್ಟ್ ಗಾಡಿಯಲ್ಲಿ ರಿಮೋಟ್ ಒಳಗೆ ಮರೆತರೆ ಗಾಡಿ ಎರಡು ಸಲ ಹಾರ್ನ್ ಮಾಡಿ ಬಾಗಿಲು ತೆರೆದುಬಿಡುತ್ತದೆ. ಬೇಕೆಂದೇ ಒಳಗೆ ಬಿಡುವುದಾದರೆ ಎಲ್ಲ ಬಾಗಿಲು ಮುಚ್ಚಿದ ಮೇಲೆ ಹೊರಗಿನ ಗುಂಡಿಗಳಿಂದ ಲಾಕ್ ಮಾಡಿ, ಆಗ ಒಪ್ಪುತ್ತದೆ. ಮೊದಲ ಸಲ ಕಿಟಕಿ ಇಳಿಸಿಟ್ಟುಕೊಂಡು ಪರೀಕ್ಷಿಸಿ ನೋಡಿ. ಆದರೆ ಹೀಗೆ ಬಿಟ್ಟಾಗ ಮೇಲೆ ಹೇಳಿದ ಎರಡು ಬೀಗಗಳು ಒಂದಾಗಿಬಿಡುತ್ತವೆ ಎನ್ನುವುದು ನೆನಪಿರಲಿ. ಸಂಖ್ಯೆ ಗೊತ್ತಿದ್ದವನಿಗೆ ಆಗ ಬಾಗಿಲೂ ತೆರೆಯುತ್ತದೆ, ಇಂಜಿನ್ನೂ ಹತ್ತುತ್ತದೆ. ಎರಡನೇ ಒಡೆತನದ ಗಾಡಿಯಲ್ಲಿ ನಾನಂತೂ ಇದನ್ನು ಮಾಡುವುದಿಲ್ಲ.

ಮೊಬೈಲ್ ಆ್ಯಪ್

ಇದನ್ನು ಜನ ಮರೆತೇಬಿಡುತ್ತಾರೆ. ಗಾಡಿಯೊಳಗೇ ಮೋಡೆಮ್ ಇರುವ ಮಾಡೆಲ್‌ಗಳನ್ನು ಫೋರ್ಡ್ ಆ್ಯಪ್‌ನಿಂದ ಎಲ್ಲಿ ಕೂತರೂ ಲಾಕ್, ಅನ್‌ಲಾಕ್ ಮಾಡಬಹುದು, ಎಲ್ಲಿ ನಿಂತಿದೆ ಎಂದೂ ನೋಡಬಹುದು. ಹಿಂದಿನ ಮಾಲೀಕ ತನ್ನ ಆ್ಯಪ್‌ನಿಂದ ಗಾಡಿಯನ್ನು ತೆಗೆಯದಿದ್ದರೆ ನೀವು ದೇವಸ್ಥಾನಕ್ಕೆ ಹೋದದ್ದೂ ಅವನಿಗೆ ತಿಳಿಯುತ್ತದೆ. ಮಧ್ಯದ ಪರದೆಯಲ್ಲಿ ಮಾಸ್ಟರ್ ರೀಸೆಟ್ (ಹಳೆಯದೆಲ್ಲ ಅಳಿಸುವುದು) ಮಾಡಿ, ನಿಮ್ಮ ಹೆಸರಿನಲ್ಲಿ ಸೇರಿಸಿಕೊಳ್ಳಿ.

ಸೆಲ್ ಹೋದಾಗ, ಬ್ಯಾಟರಿ ಹೋದಾಗ

ರಿಮೋಟ್‌ನ ಸೆಲ್ ಸತ್ತರೆ ಅದರ ಹೊಟ್ಟೆಯಲ್ಲೊಂದು ಲೋಹದ ಕೀ ಇರುತ್ತದೆ, ಎಳೆದು ಬಾಗಿಲು ತೆರೆಯಿರಿ. ಅಲಾರಂ ಕೂಗಿದರೆ ಹೆದರಬೇಡಿ. ರಿಮೋಟನ್ನು ಅದಕ್ಕೆಂದೇ ಇರುವ ಜಾಗದಲ್ಲಿಟ್ಟು ಸ್ಟಾರ್ಟ್ ಬಟನ್ ಒತ್ತಿದರೆ ಇಂಜಿನ್ ಹತ್ತುತ್ತದೆ, ಕೂಗೂ ನಿಲ್ಲುತ್ತದೆ. ಸೆಲ್ ಯಾವುದೆಂದು ಹಳೆಯದರ ಮೇಲೇ ಬರೆದಿರುತ್ತದೆ, ಸಿಆರ್2032 ಅಥವಾ ಸಿಆರ್2450. ಎರಡೂ ನೋಡಲು ಒಂದೇ ಥರ, ದಪ್ಪ ಅಗಲ ಬೇರೆ. ಬಿಡಿ ಸೆಲ್‌ಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ, ನುಂಗಿದರೆ ಪ್ರಾಣಕ್ಕೇ ಅಪಾಯ.

ಗಾಡಿಯ ಬ್ಯಾಟರಿಯೇ ಇಳಿದರೆ ರಿಮೋಟೂ ಇಲ್ಲ, ಗುಂಡಿಯೂ ಇಲ್ಲ. ಆಗ ಕೆಲಸ ಮಾಡುವುದು ಆ ಲೋಹದ ಕೀ ಒಂದೇ. ವರ್ಷಗಟ್ಟಲೆ ತಿರುಗಿಸದ ಬೀಗ ತುಕ್ಕು ಹಿಡಿದು ಕೂತಿರುತ್ತದೆ. ಚಳಿಗಾಲಕ್ಕೆ ಮುಂಚೆ ಒಮ್ಮೆ ಹಾಕಿ ತಿರುಗಿಸಿ ನೋಡಿ.

ಕಳ್ಳರ ವಿಷಯ

ಬಟನ್ ಸ್ಟಾರ್ಟ್ ಗಾಡಿಗಳಿಗೆ ಇರುವ ಕಾಟ ರಿಲೇ ಕಳ್ಳತನ. ಇಬ್ಬರು ಬರುತ್ತಾರೆ. ಒಬ್ಬ ನಿಮ್ಮ ಮನೆ ಬಾಗಿಲ ಹತ್ತಿರ, ಇನ್ನೊಬ್ಬ ಗಾಡಿಯ ಹತ್ತಿರ. ಗಾಡಿಯ ಸಂಕೇತವನ್ನು ಹಿಗ್ಗಿಸಿ ಒಳಗೆ ಗೋಡೆಗೆ ನೇತುಹಾಕಿದ ರಿಮೋಟ್‌ಗೆ ಮುಟ್ಟಿಸುತ್ತಾರೆ, ಅದು ಕೊಟ್ಟ ಉತ್ತರವನ್ನು ವಾಪಸ್ ಗಾಡಿಗೆ. ಕೀ ಪಕ್ಕದಲ್ಲೇ ಇದೆ ಎಂದು ಗಾಡಿ ನಂಬುತ್ತದೆ. ಇದಕ್ಕೆ ಮದ್ದು ಬೀದಿ ಬಾಗಿಲ ಪಕ್ಕ ಕೀ ನೇತುಹಾಕದಿರುವುದು, ಮತ್ತು ಸಂಕೇತ ತಡೆಯುವ ಫ್ಯಾರಡೇ ಚೀಲ. ಚೀಲ ತಂದ ದಿನ ರಿಮೋಟನ್ನು ಅದರಲ್ಲಿಟ್ಟು, ಜೇಬಿನಲ್ಲಿಟ್ಟುಕೊಂಡು, ಬಾಗಿಲ ಹಿಡಿಕೆ ಎಳೆಯಿರಿ. ತೆರೆದರೆ ಚೀಲ ದಂಡ. ಅಡುಗೆಮನೆಯ ಸ್ಟೀಲ್ ಡಬ್ಬಿಯೂ ಆದೀತು, ಅದನ್ನೂ ಹೀಗೇ ಪರೀಕ್ಷಿಸಿ. ನಮ್ಮನೆಯಲ್ಲಿ ಚಕ್ಕುಲಿ ಡಬ್ಬಿ ಪಾಸಾಯಿತು, ಮುಚ್ಚಳ ಸಡಿಲವಿದ್ದ ಕಾಫಿ ಡಬ್ಬಿ ಫೇಲು.

ಇಡೀ ಗಾಡಿ ಬಿಟ್ಟು ಟೇಲ್‌ಗೇಟ್, ಅಂದರೆ ಸಾಮಾನು ಹೇರುವ ಕಡೆಯ ಹಿಂಬಾಗಿಲು, ಮಾತ್ರ ಬಿಚ್ಚಿಕೊಂಡು ಹೋಗುವವರೂ ಇದ್ದಾರೆ. ಸಾಮಾನು ಇಳಿಸಲು ಸುಲಭವಾಗಲೆಂದು ಎತ್ತಿ ತೆಗೆಯುವ ಹಾಗೆ ಮಾಡಿರುವುದೇ ಅವರಿಗೂ ಅನುಕೂಲ. ಅದರೊಳಗೆ ಕ್ಯಾಮೆರಾ ಇರುವುದರಿಂದ ಬೆಲೆಯೂ ಬಾಳುತ್ತದೆ. ನಿಮ್ಮ ಟೇಲ್‌ಗೇಟ್ ಬಾಗಿಲುಗಳ ಜೊತೆ ಲಾಕ್ ಆಗುತ್ತದೆಯೋ ಇಲ್ಲವೋ ಎಂದು ಎಳೆದು ನೋಡಿ. ಆಗದಿದ್ದರೆ ಕೀ ಹಾಕಿ ಮುಚ್ಚಿ. ಕೆಳಗಿನ ಹಿಂಜಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಪೈಪಿಗೆ ಬಿಗಿಯುವ ಸ್ಟೀಲ್ ಕ್ಲ್ಯಾಂಪ್ ಸುತ್ತಿ ಸ್ಕ್ರೂ ಬಿಗಿದರೆ ಎತ್ತಿ ತೆಗೆಯುವುದು ಅಷ್ಟು ಸುಲಭವಲ್ಲ. ಒಂದೆರಡು ಡಾಲರ್ ಕೆಲಸ.

ಹಿಮದಲ್ಲಿ ಬಾಗಿಲು ಮುಚ್ಚದಿದ್ದರೆ

ಜನವರಿಯ ಒಂದು ಬೆಳಿಗ್ಗೆ ಬಾಗಿಲು ತೆರೆಯಿತು, ಮುಚ್ಚಲೊಲ್ಲದು. ತಳ್ಳಿದಷ್ಟೂ ಪುಟಿದು ಬರುತ್ತಿತ್ತು. ಬೀಗದ ಕೊಂಡಿಯೊಳಗೆ ನೀರು ಇಳಿದು ಹೆಪ್ಪುಗಟ್ಟಿದರೆ ಹೀಗಾಗುತ್ತದೆ. 2015ರಿಂದ 2017ರವರೆಗಿನ ಎಫ್-150ಗಳಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ 2017ರ ಅಕ್ಟೋಬರ್‌ನಲ್ಲಿ ಫೋರ್ಡ್ ಸುಮಾರು 13 ಲಕ್ಷ ಟ್ರಕ್‌ಗಳನ್ನು ದುರಸ್ತಿಗೆ ವಾಪಸ್ ಕರೆಸಿತು (ರೀಕಾಲ್), ಫೋರ್ಡ್‌ನ ಇನ್ನೂ ದೊಡ್ಡ ಪಿಕಪ್‌ಗಳಾದ 2017ರ ಸೂಪರ್ ಡ್ಯೂಟಿಗಳೂ ಅದರಲ್ಲಿದ್ದವು. ಕೊಂಡಿಯ ಮೇಲೆ ನೀರು ಬೀಳದಂತೆ ತಡೆ ಹಾಕಿ, ಬಾಗಿದ ಕೇಬಲ್ ಇದ್ದರೆ ಬದಲಿಸಿ ಕೊಡುತ್ತಿದ್ದರು. ಮುಚ್ಚಿದಂತೆ ಕಂಡ ಬಾಗಿಲು ಓಡುವಾಗ ತೆರೆದುಕೊಳ್ಳಬಹುದೆಂಬುದೇ ಅದಕ್ಕೆ ಕಾರಣ.

ನಿಮ್ಮದು ಆ ವರ್ಷಗಳದ್ದಾದರೆ ಹಿಂದಿನವರು ಅದನ್ನು ಮಾಡಿಸಿದ್ದಾರೋ ಎಂದು ನೋಡಿ. ಮುಂದಿನ ಗಾಜಿನ ಕೆಳಗೆ ಚಾಲಕನ ಬದಿ ಕಾಣುವ 17 ಅಕ್ಷರಗಳ ವಿನ್ ಸಂಖ್ಯೆಯನ್ನು (ಗಾಡಿಯ ಗುರುತಿನ ಸಂಖ್ಯೆ) ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಜಾಲತಾಣದ ರೀಕಾಲ್ ಪುಟದಲ್ಲಿ ಹಾಕಿದರೆ ಬಾಕಿ ಇರುವುದೆಲ್ಲ ತೋರಿಸುತ್ತದೆ. ಬಾಕಿ ಇದ್ದರೆ ಡೀಲರ್ ದುಡ್ಡು ತೆಗೆದುಕೊಳ್ಳದೆ ಮಾಡಿಕೊಡಬೇಕು, ನೀವು ಎಷ್ಟನೇ ಮಾಲೀಕರಾದರೂ ಸರಿ. ಅಲ್ಲಿಯವರೆಗೆ ಕೊಂಡಿಗೆ ಡೀ-ಐಸರ್ ಸಿಂಪಡಿಸಿ, ಬಾಗಿಲ ಸುತ್ತಲ ರಬ್ಬರ್‌ಗೆ ನವೆಂಬರ್‌ನಲ್ಲೇ ಸಿಲಿಕೋನ್ ಸವರಿ. ಬಿಸಿನೀರು ಸುರಿಯಬೇಡಿ, ಗಾಜು ಬಿರಿಯುತ್ತದೆ, ಹತ್ತು ನಿಮಿಷದಲ್ಲಿ ಮತ್ತೆ ಗಡ್ಡೆ ಕಟ್ಟುತ್ತದೆ. ಬಾಗಿಲು ಪೂರ್ತಿ ಕಚ್ಚಿಕೊಂಡಿದೆ ಎಂದು ಒಳಗಿನಿಂದ ತಳ್ಳಿ ನೋಡಿದ ಮೇಲೇ ಗೇರ್ ಹಾಕಿ.